ಐದು ವರ್ಷದ ನಂತರ ಎಲ್ಲಿರುತ್ತೀರಿ?

ಮೊದಲೇ ನಿಜ ಹೇಳಿಬಿಡುತ್ತೇನೆ. ನಾನು ಆ ಕೆಲಸಕ್ಕೆ ಹೋಗಿದ್ದು ಸಮಾಜಸೇವೆಯ ಉತ್ಸಾಹದಿಂದಲ್ಲ, ಪಾಯಿಂಟ್ ಆಸೆಗೆ. ವಿಟಿಯು ಅಡಿಯಲ್ಲಿ ಬಿ.ಇ. ಓದುವವರಿಗೆಲ್ಲ ಈ ಸಂಕಟ ಗೊತ್ತು. ಡಿಗ್ರಿ ಕೈಗೆ ಬರಬೇಕಾದರೆ ಮಾರ್ಕ್ಸ್ ಸಾಲದು, ನೂರು ಆಕ್ಟಿವಿಟಿ ಪಾಯಿಂಟ್ ಕೂಡ ಬೇಕು. ಗಿಡ ನೆಟ್ಟ ಫೋಟೊ, ಕೆರೆ ದಂಡೆ ಗುಡಿಸಿದ ಫೋಟೊ ಎಲ್ಲ ಸೇರಿಸಿದರೂ ನನ್ನ ಲೆಕ್ಕ ಅರವತ್ತು ದಾಟಿರಲಿಲ್ಲ. 2025ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಸೀನಿಯರ್ ಅಕ್ಕ ಒಬ್ಬರು ಕರೆದು, 'ಅಫ್ಘಾನಿಸ್ತಾನದ ಹುಡುಗಿಯರು ಇಲ್ಲಿ ಓದ್ತಿದ್ದಾರೆ. ಶನಿವಾರ ಶನಿವಾರ ಅವರಿಗೆ ಲೀಡರ್‌ಶಿಪ್ ತರಬೇತಿ ಇದೆ. ನಡೆಸಿಕೊಡ್ತೀಯಾ?' ಎಂದರು. ಪಾಯಿಂಟ್ ಎಷ್ಟು ಎಂದು ಕೇಳಿ ಒಪ್ಪಿಕೊಂಡೆ.

ಜಾಗ ದೂರವೇನಲ್ಲ. ಅಟ್ಟೂರಿನ ನಮ್ಮ ಮನೆಯಿಂದ ನಡೆದೇ ಹೋಗಬಹುದಾದ ಒಂದು ಟ್ಯೂಷನ್ ಸೆಂಟರಿನ ಮಹಡಿ. ಬಂದವರು ಆರು ಜನ. ಎಲ್ಲರೂ ನನಗಿಂತ ದೊಡ್ಡವರು. ಅವರ ಹೆಸರು, ಕಾಲೇಜು ಇಲ್ಲಿ ಬರೆಯುವುದಿಲ್ಲ. ಅವರ ಮನೆಯವರು ಇನ್ನೂ ಅಲ್ಲೇ ಇದ್ದಾರೆ.

ಮೊದಲ ಶನಿವಾರ ಹದಿನೆಂಟು ಸ್ಲೈಡಿನ ಪಿಪಿಟಿ ಹಿಡಿದುಕೊಂಡು ಹೋದೆ. ನಮ್ಮ ಪ್ಲೇಸ್‌ಮೆಂಟ್ ತರಬೇತಿಯಲ್ಲಿ ಹೇಳಿಕೊಟ್ಟಿದ್ದನ್ನೇ ಅಲ್ಲಿ ಇಲ್ಲಿ ತಿದ್ದಿದ್ದೆ. ಆತ್ಮವಿಶ್ವಾಸ, ದೇಹಭಾಷೆ, ಗುರಿ ಎಲ್ಲ ಇತ್ತು. ನಾಲ್ಕನೇ ಸ್ಲೈಡಿನಲ್ಲಿ ಎಲ್ಲ ಇಂಟರ್ವ್ಯೂಗಳಲ್ಲೂ ಕೇಳುವ ಪ್ರಶ್ನೆ: 'ಐದು ವರ್ಷದ ನಂತರ ನೀವು ಎಲ್ಲಿರುತ್ತೀರಿ?' ಹಾಳೆ ಹಂಚಿ, ಐದು ನಿಮಿಷ ಕೊಟ್ಟೆ.

ಯಾರೂ ಪೆನ್ನು ಎತ್ತಲಿಲ್ಲ. ಭಾಷೆ ತೊಡಕಾಯಿತೇನೋ ಎಂದುಕೊಂಡು ಹಿಂದಿಯಲ್ಲಿ ಮತ್ತೆ ಕೇಳಿದೆ. ಅವರ ಹಿಂದಿ ನನ್ನದಕ್ಕಿಂತ ಚೆನ್ನಾಗಿತ್ತು. ಕೊನೆಗೆ ಎಲ್ಲರಿಗಿಂತ ಹಿರಿಯಳು ನಗುತ್ತಲೇ ಹೇಳಿದಳು: 'ಯಾವ ದೇಶದಲ್ಲಿ ಅಂತ ಮೊದಲು ನೀನು ಹೇಳು. ಆಮೇಲೆ ಯಾವ ಕೆಲಸ ಅಂತ ನಾನು ಹೇಳ್ತೀನಿ.'

ಅಂದು ರಾತ್ರಿ ಮನೆಗೆ ಬಂದು ಓದಲು ಕೂತೆ. ಮೊದಲೇ ಓದಬೇಕಿತ್ತು.

2021ಕ್ಕೆ ಮುಂಚೆ ಭಾರತ ಸರ್ಕಾರ ಐಸಿಸಿಆರ್ ಮೂಲಕ ಅಫ್ಘಾನ್ ವಿದ್ಯಾರ್ಥಿಗಳಿಗೆ ವರ್ಷಕ್ಕೆ ಸಾವಿರದಷ್ಟು ವಿದ್ಯಾರ್ಥಿವೇತನ ಕೊಡುತ್ತಿತ್ತು. ಇಂಥ ನೆರವಿನಿಂದಲೇ ಮೈಸೂರು ವಿಶ್ವವಿದ್ಯಾಲಯಕ್ಕೆ, ಧಾರವಾಡಕ್ಕೆ, ನಮ್ಮ ಪಕ್ಕದ ಜಿಕೆವಿಕೆಗೆ ಅಲ್ಲಿನ ವಿದ್ಯಾರ್ಥಿಗಳು ಬಂದರು. 2021ರ ಆಗಸ್ಟ್ 15ರಂದು, ನಾವು ಧ್ವಜ ಹಾರಿಸಿ ಸಿಹಿ ತಿಂದ ದಿನವೇ, ಕಾಬೂಲ್ ತಾಲಿಬಾನ್ ಕೈಗೆ ಹೋಯಿತು. ಅದೇ ತಿಂಗಳು ಭಾರತ ದೇಶದ ಹೊರಗಿದ್ದ ಅಫ್ಘಾನರ ಹಳೆಯ ವೀಸಾಗಳನ್ನೆಲ್ಲ ರದ್ದು ಮಾಡಿತು. ಕೋವಿಡ್ ಕಾಲದಲ್ಲಿ ಊರಿಗೆ ಹೋಗಿದ್ದ ಎಷ್ಟೋ ವಿದ್ಯಾರ್ಥಿಗಳು ಅಲ್ಲೇ ಉಳಿದರು. ಇಲ್ಲಿದ್ದವರು ಇಲ್ಲೇ ಉಳಿದರು. ನನ್ನ ಮುಂದೆ ಕೂತಿದ್ದ ಆರೂ ಜನ ಹಾಗೆ ಉಳಿದವರು. ಪದವಿಗೆಂದು ಬಂದವರು ಸ್ನಾತಕೋತ್ತರ, ಸಂಶೋಧನೆ ಎಂದು ಓದನ್ನೇ ಮುಂದುವರಿಸಿದ್ದರು.

ಅಲ್ಲಿ ಆರನೇ ತರಗತಿಯಾಚೆ ಹುಡುಗಿಯರಿಗೆ ಶಾಲೆ ಇಲ್ಲ. 2022ರ ಡಿಸೆಂಬರ್‌ನಲ್ಲಿ ವಿಶ್ವವಿದ್ಯಾಲಯಗಳೂ ಮುಚ್ಚಿದವು. 2024ರ ಡಿಸೆಂಬರ್‌ನಲ್ಲಿ ನರ್ಸಿಂಗ್, ಸೂಲಗಿತ್ತಿ ತರಬೇತಿಯ ಬಾಗಿಲೂ ಮುಚ್ಚಿತು. 2024ರಲ್ಲಿ ಯುನೆಸ್ಕೊ ಕೊಟ್ಟ ಲೆಕ್ಕದಂತೆ, ನಿಷೇಧದಿಂದ ಪ್ರೌಢಶಾಲೆ ತಪ್ಪಿದ ಹುಡುಗಿಯರು ಕನಿಷ್ಠ 14 ಲಕ್ಷ. ಇಂಥ ಊರಿನಿಂದ ಬಂದವರ ಮುಂದೆ ನಿಂತು ನಾನು, ಕೈಕುಲುಕುವಾಗ ಕಣ್ಣಲ್ಲಿ ಕಣ್ಣಿಟ್ಟು ನೋಡಿ ಎಂದು ಪಾಠ ಮಾಡಿದ್ದೆ.

ಎರಡನೇ ಶನಿವಾರ ಪಿಪಿಟಿ ಒಯ್ಯಲಿಲ್ಲ. 'ನಿಮಗೆ ಏನು ಬೇಕು?' ಎಂದು ಕೇಳಿದೆ. ಈ ಸಲ ಹಾಳೆ ತುಂಬಿತು. ಬಯೋಡೇಟಾದಲ್ಲಿ ಎರಡು ವರ್ಷದ ಖಾಲಿ ಜಾಗವನ್ನು ಹೇಗೆ ವಿವರಿಸಬೇಕು? ವಿಶ್ವವಿದ್ಯಾಲಯವೇ ಹೆಣ್ಣುಮಕ್ಕಳನ್ನು ಹೊರಗಿಟ್ಟಿರುವಾಗ ಅಲ್ಲಿನ ಹಳೆಯ ಅಂಕಪಟ್ಟಿಯ ನಕಲು ತರಿಸುವುದು ಹೇಗೆ? ವಿದೇಶಿಯರ ನೋಂದಣಿ ಕಚೇರಿ ಎಫ್‌ಆರ್‌ಆರ್‌ಒಗೆ ಪತ್ರ ಬರೆಯುವುದು ಹೇಗೆ? ಎಲ್ಲಕ್ಕಿಂತ ದೊಡ್ಡದು ಕೆಲಸದ ಪ್ರಶ್ನೆ. ವಿದ್ಯಾರ್ಥಿ ವೀಸಾದಲ್ಲಿ ಉದ್ಯೋಗ ಮಾಡುವಂತಿಲ್ಲ. ಉದ್ಯೋಗ ವೀಸಾ ಬೇಕೆಂದರೆ ಸಾಮಾನ್ಯವಾಗಿ ವರ್ಷಕ್ಕೆ 16 ಲಕ್ಷ ರೂಪಾಯಿಗಿಂತ ಹೆಚ್ಚಿನ ಸಂಬಳ ಕೊಡುವ ಕಂಪನಿ ಸಿಗಬೇಕು. ಮೂರೂವರೆ ಲಕ್ಷದ ಆಫರ್ ಸಿಕ್ಕರೆ ಸಾಕು ಎಂದು ದೇವರಿಗೆ ಹರಕೆ ಹೊರುವ ನಮಗೆ ಆ ಅಂಕಿಯ ಭಾರ ಬೇಗ ಅರ್ಥವಾಗುತ್ತದೆ.

ಅಲ್ಲಿಂದ ಮುಂದೆ ನಮ್ಮ ತರಬೇತಿ ಎಂದರೆ ಒಂದು ಲ್ಯಾಪ್‌ಟಾಪಿನ ಸುತ್ತ ಏಳು ಜನ ಕೂತು ಅರ್ಜಿ ತುಂಬುವುದು. ಯುರೋಪಿನ ಸ್ಕಾಲರ್‌ಶಿಪ್ ಅರ್ಜಿ, ಸಂಶೋಧನಾ ಸಹಾಯಕಿಯ ಅರ್ಜಿ, ಗೈಡ್‌ಗೆ ಇಮೇಲ್. ಒಬ್ಬರು ಇಂಟರ್ವ್ಯೂ ಕೊಟ್ಟರೆ ಐದು ಜನ ಪ್ರಶ್ನೆ ಕೇಳುತ್ತಿದ್ದರು. 'ಓದು ಯಾಕೆ ನಿಂತಿತ್ತು?' ಎಂದರೆ ತಲೆ ತಗ್ಗಿಸದೆ ಎರಡೇ ವಾಕ್ಯದಲ್ಲಿ ಹೇಳಿ ಮುಗಿಸುವುದನ್ನು ಹತ್ತು ಹತ್ತು ಸಲ ಅಭ್ಯಾಸ ಮಾಡಿದೆವು.

ಒಂದು ದಿನ ನಮ್ಮಪ್ಪ ಏನು ಕೆಲಸ ಮಾಡುತ್ತಾರೆ ಎಂದು ಕೇಳಿದರು. ಯಲಹಂಕದ ರೈಲು ಗಾಲಿ ಕಾರ್ಖಾನೆಯಲ್ಲಿ ಎಂದು ಮರೆತು ಕನ್ನಡದಲ್ಲೇ ಹೇಳಿದೆ. 'ಕಾರ್ಖಾನೆ' ಎನ್ನುತ್ತಲೇ ಎಲ್ಲರೂ ತಿರುಗಿದರು. ಅವರ ದರಿ ಭಾಷೆಯಲ್ಲೂ ಅದು ಕಾರ್ಖಾನಾ! ಆಮೇಲೆ ಅರ್ಧ ಗಂಟೆ ಅದೇ ಆಟ. ಜಮೀನು, ಬಜಾರು, ಕಾಗದ, ಖುಷಿ. ಪಿಪಿಟಿಯ ಯಾವ ಐಸ್‌ಬ್ರೇಕರ್‌ಗೂ ಹುಟ್ಟದ ನಗು ಅಂದು ಹುಟ್ಟಿತು. ಅವರೂ ನನ್ನಿಂದ 'ಅಕ್ಕ' ಎಂಬ ಪದ ಕಲಿತರು. ಹಿರಿಯಳನ್ನು ನಾನು ಹಾಗೇ ಕರೆಯತೊಡಗಿದ್ದೆ.

ಆ ಅಕ್ಕ ರಾತ್ರಿ ಒಂಬತ್ತಾದರೆ ಯಾರ ಕೈಗೂ ಸಿಗುತ್ತಿರಲಿಲ್ಲ. ಯಾಕೆಂದು ತಿಳಿದಿದ್ದು ತಡವಾಗಿ. ನಮ್ಮ ಒಂಬತ್ತು ಎಂದರೆ ಕಾಬೂಲಿನಲ್ಲಿ ಎಂಟು. ಊರಿನಲ್ಲಿರುವ ತಂಗಿ ಮತ್ತು ಅಕ್ಕಪಕ್ಕದ ಮನೆಯ ಹತ್ತು ಹುಡುಗಿಯರಿಗೆ ಅಕ್ಕ ಫೋನಿನಲ್ಲಿ ಗಣಿತ ಹೇಳಿಕೊಡುತ್ತಿದ್ದಳು. ವಿಡಿಯೊ ನಿಲ್ಲುವುದಿಲ್ಲವೆಂದು ಎರಡೆರಡು ನಿಮಿಷದ ಆಡಿಯೊ, ಲೆಕ್ಕ ಬರೆದ ಹಾಳೆಯ ಫೋಟೊ. ಅವರು ಉತ್ತರ ಬರೆದು ಫೋಟೊ ಕಳಿಸಿದರೆ ಕೆಂಪು ಪೆನ್ನಿನಿಂದ ತಿದ್ದಿ ವಾಪಸ್. ಹೀಗೆ ಮೂರು ವರ್ಷ. ನಾಯಕತ್ವದ ಪಾಠ ಹೇಳಲು ನಾನು ಹೋಗಿದ್ದು ಇಂಥವಳಿಗೆ.

ನನ್ನದೂ ಒಂದು ಗುಟ್ಟಿತ್ತು. ಮೂರನೇ ಸೆಮ್ಮಿನ ಮ್ಯಾಥ್ಸ್ ಬ್ಯಾಕ್‌ಲಾಗ್. ಐದನೇ ಸೆಮ್ ಬಂದರೂ ಅಪ್ಪನಿಗೆ ಹೇಳಿರಲಿಲ್ಲ. 'ಧೈರ್ಯವಾಗಿ ಮಾತನಾಡಿ' ಎಂದು ಆರು ಜನರಿಗೆ ಹೇಳುವವಳಿಗೆ ಮನೆಯಲ್ಲಿ ಒಂದು ಮಾತು ಆಡಲು ಬಾಯಿ ಬರುತ್ತಿರಲಿಲ್ಲ. ಅಕ್ಕನ ಮುಂದೆ ಮಾತ್ರ ಬಾಯಿಬಿಟ್ಟೆ. ಅವಳು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. 'ಪುಸ್ತಕ ತಾ' ಎಂದಳು. ಪ್ರತಿ ಶನಿವಾರ ಎಲ್ಲರೂ ಹೊರಟ ಮೇಲೆ ನನಗೆ ಫೋರಿಯರ್ ಸರಣಿಯ ಪಾಠ ಶುರುವಾಯಿತು.

ಹುರುಪು ತುಂಬಲೆಂದು ಒಮ್ಮೆ ನಮ್ಮವರದೇ ಕಥೆ ಹೇಳಿದೆ. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಹೆಸರಾದ ರಾಜೇಶ್ವರಿ ಚಟರ್ಜಿ ಅವರದು. 1947ರಲ್ಲಿ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಹಡಗು ಹತ್ತಿ ಅಮೆರಿಕಕ್ಕೆ ಹೋದವರು ಅವರು. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದಿ, 1953ರಲ್ಲಿ ಬೆಂಗಳೂರಿಗೆ ಮರಳಿ, ಯಶವಂತಪುರದ ಹತ್ತಿರದ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ಪ್ರಾಧ್ಯಾಪಕಿಯಾದರು. ಅಕ್ಕ ಗಮನವಿಟ್ಟು ಕೇಳಿ, 'ವಾಪಸ್ ಬರೋಕಾಯ್ತಲ್ಲ, ಒಳ್ಳೇದಾಯ್ತು' ಎಂದಳು. ಅಷ್ಟೇ. ವಿದೇಶದಲ್ಲಿ ಓದಿ ಬಂದವರ ಕಥೆಗಳಲ್ಲಿ 'ಬಂದವರು' ಎಂಬ ಪದವನ್ನು ನಾನು ಅದುವರೆಗೆ ಗಮನಿಸಿರಲೇ ಇಲ್ಲ.

ಸೆಪ್ಟೆಂಬರ್ 29, ಸೋಮವಾರ. ಅಫ್ಘಾನಿಸ್ತಾನದಲ್ಲಿ ಇಡೀ ದೇಶದ ಇಂಟರ್ನೆಟ್ ಬಂದ್ ಆಯಿತು. ಫೋನೂ ಇಲ್ಲ. ಅಂದಿನ ಒಂಬತ್ತು ಗಂಟೆಯ ಪಾಠಕ್ಕೆ ಆ ಕಡೆ ಯಾರೂ ಇರಲಿಲ್ಲ. ಮಂಗಳವಾರವೂ ಇಲ್ಲ. ಬುಧವಾರ ಆಯುಧಪೂಜೆ. ಅಕ್ಕನನ್ನು ಮನೆಗೆ ಕರೆದಿದ್ದೆ. ಬರಲಾರಳು ಎಂದುಕೊಂಡರೆ ಬಂದಳು, ಹಾಸ್ಟೆಲ್ ರೂಮಿನಲ್ಲಿ ಫೋನ್ ನೋಡುತ್ತ ಕೂರಲು ಆಗುವುದಿಲ್ಲ ಎಂದು. ಅಮ್ಮ ಅಪ್ಪನ ಟೂಲ್‌ಬಾಕ್ಸ್, ಸ್ಕೂಟರ್, ನನ್ನ ಪುಸ್ತಕ, ಲ್ಯಾಪ್‌ಟಾಪ್‌ಗೆಲ್ಲ ಹೂವಿಟ್ಟಿದ್ದರು. ಇದೇನೆಂದು ಅಕ್ಕ ಕೇಳಿದಳು. ಕೆಲಸ ಕೊಡುವ ವಸ್ತುಗಳಿಗೆ ವರ್ಷಕ್ಕೊಂದು ದಿನ ನಮಸ್ಕಾರ ಎಂದು ಅಪ್ಪ ಹಿಂದಿಯಲ್ಲಿ ಹೇಳಿದರು. ಅಕ್ಕ ತನ್ನ ಫೋನನ್ನು ಪುಸ್ತಕದ ಪಕ್ಕ ಇಟ್ಟಳು. ಅಮ್ಮ ಮಾತಾಡದೆ ಅದಕ್ಕೂ ಒಂದು ಸೇವಂತಿಗೆ ಇಟ್ಟರು.

ಅಂದೇ ಸಂಪರ್ಕ ಮರಳಿತು. ಕತ್ತಲಾಗುವ ಹೊತ್ತಿಗೆ ಆ ಫೋನ್ ಸಾಲು ಸಾಲಾಗಿ ಸದ್ದು ಮಾಡತೊಡಗಿತು. ಎರಡು ದಿನದ ಹೋಮ್‌ವರ್ಕ್ ಒಟ್ಟಿಗೇ ಬಂದಿತ್ತು. ನೆಟ್ ಇಲ್ಲದಿದ್ದರೂ ಹುಡುಗಿಯರು ಬರೆಯುವುದನ್ನು ನಿಲ್ಲಿಸಿರಲಿಲ್ಲ. ಅಕ್ಕ ನಮ್ಮ ಜಗಲಿಯಲ್ಲೇ ಕೂತು ತಿದ್ದಿದಳು. ಅಂದು ರಾತ್ರಿ ನಾನೂ ಅಪ್ಪನಿಗೆ ಬ್ಯಾಕ್‌ಲಾಗ್ ವಿಷಯ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹೇಳಿಕೊಡ್ತಿರೋದು ಆ ಹುಡುಗೀನಾ? ಹಾಗಾದ್ರೆ ಪಾಸಾಗ್ತೀಯ ಬಿಡು' ಎಂದರು.

ದೊಡ್ಡ ದೊಡ್ಡ ಸಂಸ್ಥೆಗಳು ದೊಡ್ಡ ಕೆಲಸ ಮಾಡುತ್ತಿವೆ. ಕಾಬೂಲಿನ ಹುಡುಗಿಯರ ವಸತಿ ಶಾಲೆ 'ಸೋಲಾ' 2021ರಲ್ಲಿ ಇಡಿಯಾಗಿ ರುವಾಂಡಾಕ್ಕೆ ಸ್ಥಳಾಂತರಗೊಂಡಿತು. ಬಾಂಗ್ಲಾದೇಶದ ಚಟ್ಟಗ್ರಾಮದಲ್ಲಿರುವ ಏಷ್ಯನ್ ಮಹಿಳಾ ವಿಶ್ವವಿದ್ಯಾಲಯ ತನ್ನ 148 ಅಫ್ಘಾನ್ ವಿದ್ಯಾರ್ಥಿನಿಯರನ್ನು ಅದೇ ತಿಂಗಳು ಕಾಬೂಲಿನಿಂದ ಹೊರತಂದಿತು. ಐಸಿಸಿಆರ್ 2023ರಲ್ಲಿ ಅಫ್ಘಾನರಿಗೆ ಆನ್‌ಲೈನ್ ಓದಿಗಾಗಿ ಸಾವಿರ ವಿದ್ಯಾರ್ಥಿವೇತನ ಪ್ರಕಟಿಸಿತು. ಅದೇ ವರ್ಷ ಅಫ್ಘಾನಿಸ್ತಾನದ ಒಬ್ಬಾಕೆ ಮನೆಯಲ್ಲೇ ಇದ್ದು ಮದ್ರಾಸ್ ಐಐಟಿಯ ಎಂ.ಟೆಕ್ ಮುಗಿಸಿದ ಸುದ್ದಿ ಬಂತು. ನಮ್ಮ ಟ್ಯೂಷನ್ ಸೆಂಟರಿನ ಮಹಡಿಯಲ್ಲಿ ನಡೆದಿದ್ದು ಇವುಗಳ ಮುಂದೆ ಏನೂ ಅಲ್ಲ. ಆದರೆ ಅರ್ಜಿ ತುಂಬುವಾಗ ಪಕ್ಕದಲ್ಲಿ ಒಬ್ಬರು ಬೇಕೇ ಬೇಕು. ಅದಕ್ಕೆ ಸಂಸ್ಥೆ ಬೇಡ, ಒಂದು ಶನಿವಾರ ಸಾಕು.

ನಿಮ್ಮ ಕಾಲೇಜಿನಲ್ಲೂ ಇಂಥವರು ಇರಬಹುದು. ಅವರಿಗೆ ಆತ್ಮವಿಶ್ವಾಸ ಕಲಿಸಲು ಹೋಗಬೇಡಿ, ಅದು ಅವರ ಹತ್ತಿರ ನಮಗಿಂತ ಹೆಚ್ಚೇ ಇದೆ. ಕಚೇರಿಗೆ ಹೋಗುವಾಗ ಜೊತೆಗೆ ಹೋಗಿ. ಕನ್ನಡದಲ್ಲಿ ಕೇಳಬೇಕಾದ ಕಡೆ ಕೇಳಿಕೊಡಿ. ಕ್ಯೂನಲ್ಲಿ ನಿಲ್ಲಿ.

ನನ್ನ ನೂರು ಪಾಯಿಂಟ್ ಭರ್ತಿಯಾಯಿತು. ಶನಿವಾರ ಮಾತ್ರ ನಿಂತಿಲ್ಲ. ಐದು ವರ್ಷದ ಪ್ರಶ್ನೆಯನ್ನು ನಾವು ಯಾರೂ ಮತ್ತೆ ಕೇಳಿಕೊಂಡಿಲ್ಲ. ಹೊರಡುವ ಮುಂಚೆ ಒಬ್ಬೊಬ್ಬರೂ ಮುಂದಿನ ಶನಿವಾರದೊಳಗೆ ಮಾಡುವ ಒಂದೇ ಒಂದು ಕೆಲಸ ಹೇಳುತ್ತೇವೆ. ಈ ವಾರ ಅಕ್ಕನದು, ಜರ್ಮನಿಯ ಒಂದು ವಿಶ್ವವಿದ್ಯಾಲಯಕ್ಕೆ ಅರ್ಜಿ. ನನ್ನದು, ಫೋರಿಯರ್ ಸರಣಿಯ ಹತ್ತು ಲೆಕ್ಕ.