ಪಡಸಾಲೆಯಲ್ಲೇ ಬೆಳೆಸಿರಿ ಬದನೆ, ಮೆಣಸಿನ ಅಗಿ

ಸೋದರಿಯರೇ, ಮಳೆಗಾಲದಲ್ಲಿ ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ಸಂತೆಗಳಲ್ಲಿ ಕಾಯಿಪಲ್ಯೆಯ ಧಾರಣೆ ಕೇಳಿದರೆ ಖಾಲಿ ಚೀಲ ಮಡಚಿಕೊಂಡು ಬರಬೇಕು ಅನಿಸುತ್ತದೆ. ಹಿತ್ತಲಲ್ಲಿ ನಾಲ್ಕು ಬದನೆ, ಆರು ಟೊಮ್ಯಾಟೊ, ಹತ್ತು ಮೆಣಸಿನ ಗಿಡ ಇದ್ದರೆ ಅರ್ಧ ಚಿಂತೆ ಕಡಿಮೆ. ಆದರೆ ಬೀಜವನ್ನು ಅಂಗಳದಲ್ಲೇ ಚೆಲ್ಲಿದರೆ ಇರುವೆ ಒಯ್ಯುತ್ತದೆ, ಕೋಳಿ ಕೆದರುತ್ತದೆ, ಒಂದು ಜೋರು ಮಳೆಗೆ ಮೊಳಕೆ ಕೊಚ್ಚಿ ಹೋಗುತ್ತದೆ. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಬಂದಾಗ ಹೊಳೆದಂಡೆಯ ಮನೆ-ಹಿತ್ತಲು ಮುಳುಗಿದ್ದನ್ನು ಯಾರು ಮರೆತಾರು? ನೆಲದೊಳಗಿನ ಮಡಿಯನ್ನು ಎತ್ತಲಾಗದು. ಪಡಸಾಲೆಯ ಡಬ್ಬಿಯನ್ನಾದರೆ ಎತ್ತಿ ಅಟ್ಟದ ಮೇಲಿಡಬಹುದು, ನೋಡ್ರಿ!

ಇದಕ್ಕೆ ಖರ್ಚೇನೂ ಇಲ್ಲ. ಒಡೆದ ಬುಟ್ಟಿ, ಹಾಲಿನ ಪಾಕೀಟು, ಎಣ್ಣೆ ಡಬ್ಬಿ ಯಾವುದಾದರೂ ಸರಿ. ತಳಕ್ಕೆ ಕಾದ ಮೊಳೆಯಿಂದ ನಾಲ್ಕಾರು ತೂತು ಇರಲಿ. ಎರೆಮಣ್ಣನ್ನು ಹಾಗೆಯೇ ತುಂಬಬೇಡಿ. ನೀರು ಹಿಡಿದು ಕೆಸರಾಗಿ, ಒಣಗಿದರೆ ಬಿರಿಯುತ್ತದೆ. ಜರಡಿ ಹಿಡಿದ ಕೆಂಪು ಮಣ್ಣು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, ಉಸುಕು, ಮೂರೂ ಸಮಪಾಲು ಕೂಡಿಸಿ, ಎರಡು-ಮೂರು ದಿನ ಕಡುಬಿಸಿಲಿಗೆ ತೆಳ್ಳಗೆ ಹರವಿರಿ.

ರೋಹಿಣಿ ಮಳೆ ಕೂಡುವ ಹೊತ್ತಿಗೆ, ಅಂದರೆ ಮೇ ಕೊನೆಗೆ, ಬೀಜ ಹಾಕಿರಿ. ಸಂಕೇಶ್ವರದ ಮೆಣಸಿನಕಾಯಿ ಮನೆಯಲ್ಲಿದ್ದರೆ ಚೆನ್ನಾಗಿ ಹಣ್ಣಾಗಿ ಒಣಗಿದ, ಹುಳುಕಿಲ್ಲದ ಕಾಯಿಯ ಬೀಜ ತೆಗೆಯಿರಿ. ಅಂಗಡಿಯ ಹೈಬ್ರಿಡ್ ಬೀಜದ ಗಿಡದಿಂದ ಮಾತ್ರ ಮುಂದಿನ ವರ್ಷಕ್ಕೆ ಬೀಜ ಇಡಬೇಡಿ. ತಾಯಿಯ ಗುಣ ಬರುವುದಿಲ್ಲ. ಬಣ್ಣ ಹಚ್ಚಿದ ಬೀಜಕ್ಕೆ ಔಷಧ ಸವರಿರುತ್ತಾರೆ. ಮಕ್ಕಳ ಕೈಗೆ ಕೊಡಬೇಡಿ, ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ.

ಕಡ್ಡಿಯಿಂದ ಅರ್ಧ ಬೆರಳಗಣ್ಣಿನಷ್ಟು ಗೆರೆ ಎಳೆದು, ಬೀಜಗಳನ್ನು ಬಿಡಿಬಿಡಿಯಾಗಿ ಉದುರಿಸಿ, ತೆಳ್ಳಗೆ ಮಣ್ಣು ಮುಚ್ಚಿರಿ. ಮೇಲೆ ಒದ್ದೆ ಗೋಣಿತಟ್ಟು ಹಾಸಿ. ಟೊಮ್ಯಾಟೊ ವಾರದೊಳಗೆ ಮೂಡುತ್ತದೆ. ಬದನೆ, ಮೆಣಸಿನಕಾಯಿಗೆ ಹತ್ತು-ಹನ್ನೆರಡು ದಿನ ತಾಳ್ಮೆ ಬೇಕು. ತಲೆ ಕಂಡ ದಿನವೇ ಗೋಣಿ ತೆಗೆದು ಡಬ್ಬಿಯನ್ನು ಕಿಟಕಿಯ ಬೆಳಕಿಗಿಡಿ. ಕತ್ತಲಲ್ಲಿ ಬಿಟ್ಟರೆ ಸಸಿ ದಾರದಂತೆ ಉದ್ದಕ್ಕೆ ಎದ್ದು ಬೀಳುತ್ತದೆ. ದಿನಕ್ಕೊಮ್ಮೆ ಡಬ್ಬಿ ತಿರುಗಿಸಿ ಇಡಿ.

ನೀರು ಬೆಳಗ್ಗೆ, ಕೈಯಿಂದ ಚಿಮುಕಿಸಿದರೆ ಸಾಕು. ಹೆಚ್ಚಾದರೆ ಬುಡ ಕೊಳೆತು ರಾತ್ರೋರಾತ್ರಿ ಸಸಿ ಸಾಲಾಗಿ ಮಲಗುತ್ತವೆ. ಹಾಗೆ ಬಿದ್ದವನ್ನು ಮಣ್ಣುಸಹಿತ ತೆಗೆದೊಗೆದು, ಉಳಿದವಕ್ಕೆ ಗಾಳಿ ಆಡಲು ಬಿಡಿ.

ಟೊಮ್ಯಾಟೊ 25-30 ದಿನಕ್ಕೆ, ಬದನೆ 30-35, ಮೆಣಸಿನ ಅಗಿ 35-40 ದಿನಕ್ಕೆ ನಾಟಿಗೆ ಸಿದ್ಧ. ಅದಕ್ಕೂ ವಾರ ಮೊದಲು ಡಬ್ಬಿಯನ್ನು ದಿನಾ ಸ್ವಲ್ಪ ಹೊತ್ತು ಹೊರಗಿಟ್ಟು, ಹೊತ್ತು ಹೆಚ್ಚಿಸುತ್ತಾ ಬಿಸಿಲು-ಗಾಳಿ ರೂಢಿಮಾಡಿ. ಒಮ್ಮೆಲೇ ಬಿಸಿಲಿಗಿಟ್ಟರೆ ಬಾಡುತ್ತದೆ. ಮೋಡ ಕವಿದ ಸಂಜೆ ನೆಟ್ಟರೆ ಒಳ್ಳೆಯದು.

ಎಲ್ಲ ಬೀಜಕ್ಕೂ ಈ ಉಪಚಾರ ಬೇಡ. ಮೂಲಂಗಿ, ಗಜ್ಜರಿ, ಮೆಂತ್ಯ, ಕೊತ್ತಂಬರಿ, ಬೆಂಡೆ, ಚವಳಿಗಳನ್ನು ನೇರವಾಗಿ ನೆಲದಲ್ಲೇ ಹಾಕಿರಿ. ಹೀರೆ, ಸೋರೆಯ ಬೇರು ಅಲುಗಿದರೆ ಸಹಿಸವು. ಎಲೆಯ ದೊನ್ನೆಯಲ್ಲಿ ಎರಡೆರಡು ಬೀಜ ಊರಿ, ದೊನ್ನೆಯೊಂದಿಗೇ ನೆಡಿರಿ.

ಅಗಿ ಹೆಚ್ಚಾಗಿ ಉಳಿದರೆ ನೆರೆಮನೆಯವರಿಗೆ ಕೊಡಿ. ಅವರ ಹಿತ್ತಲಿನ ಕರಿಬೇವು ನಿಮ್ಮ ಒಗ್ಗರಣೆಗೆ ಬಂದೇ ಬರುತ್ತದೆ!