ನಿಮಗಿದು ಗೊತ್ತೆ? ಹಳೆಯ ಫೋರ್ಡ್ ಟ್ರ್ಯಾಕ್ಟರಿನ ಗುರುತು ಪೆಡಲಿನಲ್ಲಿದೆ

ಅಮೆರಿಕದ ಫೋರ್ಡ್ ಕಂಪನಿಯು 1939ರಿಂದ 1952ರವರೆಗೆ ತಯಾರಿಸಿದ 9ಎನ್, 2ಎನ್ ಮತ್ತು 8ಎನ್ ಟ್ರ್ಯಾಕ್ಟರುಗಳು ಮೇಲ್ನೋಟಕ್ಕೆ ಒಂದೇ ತೆರನಾಗಿ ಕಾಣುತ್ತವೆ. ಹೆಸರಿನ ಅಂಕಿಯು ಮಾದರಿ ವರ್ಷದ ಕೊನೆಯ ಅಂಕಿಯನ್ನೂ ‘ಎನ್’ ಅಕ್ಷರವು ಟ್ರ್ಯಾಕ್ಟರ್ ವರ್ಗವನ್ನೂ ಸೂಚಿಸುತ್ತದೆ. ಆದರೆ ಎಂಜಿನ್ನಿನ ಎಡಬದಿಯಲ್ಲಿ ಒತ್ತಿರುವ ಕ್ರಮಸಂಖ್ಯೆಯನ್ನು ಓದಿದ ಮಾತ್ರಕ್ಕೆ ಮಾದರಿ ಖಚಿತವಾಗದು. ಏಕೆಂದರೆ 2ಎನ್ ಯಂತ್ರಗಳ ಮೇಲೂ ‘9ಎನ್’ ಎಂದೇ ಅಚ್ಚೊತ್ತಲಾಗಿದೆ, ಮೇಲಾಗಿ ದಶಕಗಳ ದುರಸ್ತಿಯಲ್ಲಿ ಎಂಜಿನ್ನೇ ಬದಲಾಗಿರುವುದುಂಟು. ಬಣ್ಣವನ್ನಂತೂ ನಂಬುವಂತಿಲ್ಲ: ಮೊದಲೆರಡು ಮಾದರಿಗಳು ಪೂರ್ತಿ ಬೂದುಬಣ್ಣದವಾಗಿದ್ದು, 8ಎನ್ ಮಾತ್ರ ಕೆಂಪು ಒಡಲು, ತಿಳಿಬೂದು ಬಾನೆಟ್ಟಿನೊಂದಿಗೆ ಬಂದಿತಾದರೂ, ಹಳೆಯವಕ್ಕೂ ಕೆಂಪು ಬಳಿದ ಮಾಲೀಕರಿದ್ದಾರೆ.

ಹೆಚ್ಚು ವಿಶ್ವಾಸಾರ್ಹವಾದ ಸಾಕ್ಷ್ಯ ಚಾಲಕನ ಪಾದದ ಬಳಿಯಲ್ಲಿದೆ. 9ಎನ್ ಮತ್ತು 2ಎನ್‌ಗಳಲ್ಲಿ ಎಡಚಕ್ರದ ಬ್ರೇಕು ಎಡಗಡೆ ಕ್ಲಚ್ಚಿನ ಪಕ್ಕದಲ್ಲೂ ಬಲಚಕ್ರದ್ದು ಬಲಗಡೆಯೂ ಇದ್ದುದರಿಂದ, ಎಡಕ್ಕೆ ಬಿಗಿಯಾಗಿ ತಿರುಗಿಸುವಾಗ ಒಂದೇ ಕಾಲು ಕ್ಲಚ್ಚು ಮತ್ತು ಬ್ರೇಕು ಎರಡನ್ನೂ ನಿಭಾಯಿಸಬೇಕಿತ್ತು. 8ಎನ್‌ನಲ್ಲಿ ಎರಡೂ ಬ್ರೇಕುಗಳು ಬಲಗಡೆಗೆ ಬಂದವು, ಮುಂದಿನ ಗೇರುಗಳು ಮೂರರಿಂದ ನಾಲ್ಕಾದವು. 1942ರಲ್ಲಿ ಬಂದ 2ಎನ್ ಯುದ್ಧಕಾಲದ ಕೂಸು: ರಬ್ಬರು ಮತ್ತು ಬ್ಯಾಟರಿಗಳ ಅಭಾವದಿಂದಾಗಿ ಮೊದಮೊದಲು ಉಕ್ಕಿನ ಚಕ್ರಗಳೊಂದಿಗೆ, ಬ್ಯಾಟರಿಯಿಲ್ಲದೆ ತಾನೇ ಕಿಡಿ ಹುಟ್ಟಿಸುವ ಮ್ಯಾಗ್ನೆಟೊ ಸಾಧನದೊಂದಿಗೆ ಇದು ಹೊಲಕ್ಕಿಳಿಯಿತು. 8ಎನ್‌ನಲ್ಲಿಯೂ ಎರಡು ಬಗೆಗಳಿವೆ. ಸ್ಪಾರ್ಕ್ ಪ್ಲಗ್ಗುಗಳಿಗೆ ಸರದಿಯಂತೆ ವಿದ್ಯುತ್ತನ್ನು ಹಂಚುವ ಡಿಸ್ಟ್ರಿಬ್ಯೂಟರು ಎಂಜಿನ್ನಿನ ಮುಂಭಾಗದಲ್ಲಿದ್ದರೆ ಮೊದಲಿನದು, ಪಕ್ಕದಲ್ಲಿದ್ದರೆ 1950ರಲ್ಲಿ ಆದ ಬದಲಾವಣೆಯ ನಂತರದ್ದು.