ಗಾಯ ಮಂಡಿಗೆ, ಸೊರಗುವುದು ತೊಡೆ

ಮಂಡಿಗೆ ಜೋರಾಗಿ ಪೆಟ್ಟು ಬಿದ್ದು ಎರಡು ಮೂರು ವಾರವಾದವರು ಟೇಲರ್ ಟೇಪು ಹಿಡಿದು ಎರಡೂ ತೊಡೆಗಳ ಸುತ್ತಳತೆ ನೋಡಿಕೊಳ್ಳಬಹುದು. ಮಂಡಿಚಿಪ್ಪಿನಿಂದ ಅರ್ಧ ಗೇಣು ಮೇಲೆ, ಎರಡೂ ಕಡೆ ಒಂದೇ ಜಾಗದಲ್ಲಿ. ಪೆಟ್ಟು ಬಿದ್ದ ಕಡೆಯ ತೊಡೆ ಸಾಮಾನ್ಯವಾಗಿ ಸಣ್ಣದಾಗಿರುತ್ತದೆ. ಬೈಕು ಜಾರಿ ಬಿದ್ದವರಿಗೂ, ಶಟ್ಲ್ ಆಡುವಾಗ ಕಾಲು ತಿರುಚಿಕೊಂಡವರಿಗೂ, ಕಬಡ್ಡಿ ಅಂಕಣದಲ್ಲಿ ಮಂಡಿಯೊಳಗಿನ ಎಸಿಎಲ್ ಎಂಬ ಕಟ್ಟುನಾರು ಹರಿದುಕೊಂಡವರಿಗೂ ಇದೇ ಪಾಡು. ‘ಓಡಾಡಲಿಲ್ಲವಲ್ಲ, ಅದಕ್ಕೇ ಬತ್ತಿದೆ’ ಎನ್ನುತ್ತಾರೆ ಮನೆಯವರು. ಅದು ಅರ್ಧ ನಿಜ ಅಷ್ಟೇ. ಕುಂಟುತ್ತಲೇ ಓಡಾಡಿಕೊಂಡಿದ್ದವರ ತೊಡೆಯೂ ಬತ್ತುತ್ತದೆ.

ಉಳಿದರ್ಧ ಏನೆಂಬುದನ್ನು 1984ರಲ್ಲಿ ಪ್ರಕಟವಾದ ಒಂದು ಪ್ರಯೋಗ ಚೆನ್ನಾಗಿ ತೋರಿಸಿತು. ಯಾವ ಗಾಯವೂ ಇಲ್ಲದ ಮಂಡಿಯೊಳಕ್ಕೆ ಸಿರಿಂಜಿನಿಂದ ಸ್ವಲ್ಪಸ್ವಲ್ಪವೇ ಸಲೈನ್ ತುಂಬುತ್ತ ಹೋದರು. 20ರಿಂದ 30 ಮಿಲಿಲೀಟರ್, ಎಂದರೆ ನಾಲ್ಕಾರು ಟೀ ಚಮಚದಷ್ಟು ಒಳಸೇರುವಷ್ಟರಲ್ಲಿ ಮಂಡಿಚಿಪ್ಪಿನ ಒಳಮಗ್ಗುಲಿನ ತೊಡೆಸ್ನಾಯು ಮಂಕಾಯಿತು. 50–60 ಮಿಲಿಲೀಟರ್ ಆದಾಗ ತೊಡೆಯ ಮುಂಭಾಗದ ಮಿಕ್ಕ ಸ್ನಾಯುಗಳೂ ಅದೇ ಹಾದಿ ಹಿಡಿದವು. ಕೀಲಿನ ಚೀಲ ಹಿಗ್ಗಿದ್ದನ್ನು ಅಲ್ಲಿನ ನರತುದಿಗಳು ಬೆನ್ನುಹುರಿಗೆ ತಿಳಿಸುತ್ತವೆ, ಬೆನ್ನುಹುರಿ ತೊಡೆಗೆ ಹೋಗುವ ಆಜ್ಞೆಯನ್ನೇ ತಗ್ಗಿಸುತ್ತದೆ. ಬಲ್ಬು ಸರಿಯಾಗಿದ್ದರೂ ಯಾರೋ ಫ್ಯೂಸ್ ಕಿತ್ತಿಟ್ಟ ಹಾಗೆ. ನೋವು ಇಲ್ಲದಿದ್ದರೂ, ಮನಸ್ಸು ಎಷ್ಟು ಗಟ್ಟಿ ಮಾಡಿಕೊಂಡರೂ ಸ್ನಾಯು ಪೂರ್ತಿ ಬಿಗಿಯಾಗುವುದಿಲ್ಲ.

ಜಿಮ್ಮಿಗೆ ಹೋಗಲಾಗುತ್ತಿಲ್ಲ ಎಂಬ ಕೊರಗು ಈ ಹಂತದಲ್ಲಿ ಅನಾವಶ್ಯಕ ಎನ್ನುವುದು ಇದಕ್ಕೇ. ಆಜ್ಞೆಯೇ ತಲುಪದ ಸ್ನಾಯುವಿಗೆ ಕಬ್ಬಿಣದ ಭಾರ ಕೊಟ್ಟು ಪ್ರಯೋಜನವಿಲ್ಲ. ಮೊದಲು ಬೇಕಾದದ್ದು ಮಂಚ ಮತ್ತು ಒಂದು ಟವೆಲ್. ಕಾಲು ಚಾಚಿ ಕೂತು, ಸುತ್ತಿದ ಟವೆಲನ್ನು ಮಂಡಿಯ ಕೆಳಗಿಟ್ಟು, ಮಂಡಿಯ ಹಿಂಬದಿಯಿಂದ ಅದನ್ನು ಮಂಚಕ್ಕೆ ಒತ್ತಬೇಕು. ಮಂಡಿಚಿಪ್ಪಿನ ಮೇಲ್ಗಡೆ, ಒಳಮಗ್ಗುಲಿಗೆ ಎರಡು ಬೆರಳಿಟ್ಟುಕೊಂಡಿರಿ. ಅಲ್ಲಿ ಮಾಂಸ ಗಟ್ಟಿಯಾಗಬೇಕು, ಚಿಪ್ಪು ತೊಡೆಯ ಕಡೆಗೆ ಸರಿಯಬೇಕು. ಐದು ಸೆಕೆಂಡು ಹಿಡಿದು ಬಿಡುವುದು, ಹತ್ತು ಸಲ, ದಿನದಲ್ಲಿ ನಾಲ್ಕಾರು ಹೊತ್ತು. ಮಾಡಿ ನೋಡಿದರೆ ಇದರ ಕಷ್ಟ ತಿಳಿಯುತ್ತದೆ. ಮುಖ ಕಿವುಚುತ್ತದೆ, ಉಸಿರು ಕಟ್ಟುತ್ತದೆ, ಕುಂಡಿ ಬಿಗಿಯಾಗುತ್ತದೆ, ಬೆರಳ ಕೆಳಗೆ ಮಾತ್ರ ಏನೂ ಆಗುವುದಿಲ್ಲ. ಆಗ ಚೆನ್ನಾಗಿರುವ ಕಾಲಿನಲ್ಲಿ ಮೊದಲು ಮಾಡಿ, ಅದು ಹೇಗನ್ನಿಸಿತೆಂದು ಗಮನಿಸಿ, ಈ ಕಾಲಿನಲ್ಲಿ ಅದನ್ನೇ ಅನುಕರಿಸುವುದು ಫಿಸಿಯೋಗಳು ಹೇಳಿಕೊಡುವ ಉಪಾಯ.

ಐಸ್ ಇಡಬೇಕೇ ಬೇಡವೇ? ವಿಶ್ರಾಂತಿ, ಐಸ್, ಬಿಗಿಪಟ್ಟಿ, ಕಾಲು ಎತ್ತರಿಸುವುದು ಎಂಬ ನಾಲ್ಕನ್ನು ಸೇರಿಸಿ ‘ರೈಸ್’ ಎಂದು 1978ರಲ್ಲಿ ಹೆಸರಿಟ್ಟ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್, ಐಸ್ ಗಾಯ ಮಾಗುವುದನ್ನು ತಡಮಾಡಬಹುದು ಎಂದು ದಶಕಗಳ ನಂತರ ತಾವೇ ಮಾತು ಬದಲಿಸಿದರು. ಗಾಯ ಮಾಗಿಸಲು ಎಂದು ನಾನೂ ಐಸ್ ಶಿಫಾರಸು ಮಾಡಲಾರೆ. ಆದರೆ ಮಂಡಿಯನ್ನು ಇಪ್ಪತ್ತು ನಿಮಿಷ ತಂಪು ಮಾಡಿದರೆ ಆ ನರದ ತಡೆ ಸ್ವಲ್ಪ ಹೊತ್ತು ಸಡಿಲಗೊಳ್ಳುತ್ತದೆ ಎಂಬುದಕ್ಕೆ ಆಧಾರವಿದೆ. ಬಟ್ಟೆಯಲ್ಲಿ ಸುತ್ತಿದ ಐಸ್ ಇಟ್ಟು ತೆಗೆದ ಕೂಡಲೇ ಟವೆಲ್ ಒತ್ತುವುದು ಜಾಣತನ. ಎಣ್ಣೆ ನೀವಿಸಿಕೊಂಡರೆ ಹಿತವಾಗುತ್ತದೆ, ಸ್ನಾಯು ಎಚ್ಚರಗೊಳ್ಳುವುದಿಲ್ಲ. ಬಿಸಿಯಾಗಿ ಊದಿದ ಮಂಡಿಯನ್ನಂತೂ ತಿಕ್ಕಲೇಬಾರದು.

ತೊಡೆ ಮಾತು ಕೇಳತೊಡಗಿದ ಮೇಲೆ ಭಾರದ ಸರದಿ. ನೆಟ್ಟಗಿಟ್ಟ ಕಾಲನ್ನು ಒಂದಡಿ ಎತ್ತುವುದು, ಆಮೇಲೆ ಪಾದಕ್ಕೆ ಒಂದು ಕಿಲೋ ಉಪ್ಪಿನ ಪ್ಯಾಕೆಟ್ ಕಟ್ಟಿಕೊಂಡು ಎತ್ತುವುದು, ಕುರ್ಚಿಯಿಂದ ಕೈ ಊರದೆ ಏಳುವುದು, ಮೊದಲ ಮೆಟ್ಟಿಲನ್ನು ಹತ್ತಿ ನಿಧಾನವಾಗಿ ಇಳಿಯುವುದು. ಎರಡು ಕಾಲಿನ ಮೇಲೆ ಏಳುವುದು ಸಲೀಸಾದಾಗ ಗಾಯದ ಕಾಲಿಗೆ ಹೆಚ್ಚು ತೂಕ ಕೊಟ್ಟರೆ ಅದೇ ಮುಂದಿನ ಹಂತ. ಭಾರವನ್ನು ಹೀಗೆ ಹಂತಹಂತವಾಗಿ ಏರಿಸುವ ಪದ್ಧತಿಯನ್ನು ವೈದ್ಯಕೀಯಕ್ಕೆ ತಂದವರು ತಾಮಸ್ ಡಿಲಾರ್ಮ್, ಎರಡನೇ ಮಹಾಯುದ್ಧದ ಕಾಲದಲ್ಲಿ ಶಿಕಾಗೋದ ಸೇನಾ ಆಸ್ಪತ್ರೆಯೊಂದರಲ್ಲಿದ್ದ ವೈದ್ಯ. ಗಾಯಗೊಂಡ ಸೈನಿಕರ ಕಾಲಿಗೆ ಕಬ್ಬಿಣದ ಬೂಟು ಕಟ್ಟಿಸಿ ಎತ್ತಿಸಿದ ಫಲಿತಾಂಶವನ್ನು 1945ರಲ್ಲಿ ಪ್ರಕಟಿಸಿದರು.

ಎಷ್ಟು ಮಾಡಬೇಕು ಎಂಬುದಕ್ಕೆ ಮರುದಿನ ಬೆಳಗಿನ ಮಂಡಿಯೇ ಉತ್ತರ. ಮಾಡುವಾಗ ತುಸು ನೋವಾದರೆ ಗಾಬರಿ ಬೇಡ. ಬೆಳಗಾಗುವಷ್ಟರಲ್ಲಿ ಊತ ಹೆಚ್ಚಿದ್ದರೆ ಹಿಂದಿನ ಹಂತಕ್ಕೆ ಮರಳಿ, ಏಕೆಂದರೆ ನಾಲ್ಕಾರು ಚಮಚ ನೀರು ಏನು ಮಾಡಬಲ್ಲದೆಂದು ಆಗಲೇ ನೋಡಿದ್ದೇವೆ. ಮಂಡಿ ಅರ್ಧದಲ್ಲಿ ಸಿಕ್ಕಿಕೊಂಡರೆ, ನಾಲ್ಕು ಹೆಜ್ಜೆಯೂ ಊರಲಾಗದಿದ್ದರೆ, ಮೀನಖಂಡ ಊದಿ ನೋಯುತ್ತಿದ್ದರೆ, ಜ್ವರದ ಜೊತೆ ಮಂಡಿ ಕಾದಿದ್ದರೆ ಇದ್ಯಾವುದೂ ಬೇಡ, ನೇರ ಆಸ್ಪತ್ರೆಗೆ ಹೋಗಬೇಕು.

ಮಂಡಿ ಮಾಗುವ ತನಕ ಮಿಕ್ಕ ಮೈಯನ್ನು ಮಲಗಿಸುವುದು ದೊಡ್ಡ ನಷ್ಟ. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಇಪ್ಪತ್ತರ ಹರೆಯದ ಐವರು ಆರೋಗ್ಯವಂತರನ್ನು ಮೂರು ವಾರ ಹಾಸಿಗೆಯಲ್ಲೇ ಇರಿಸಿದರು. ಆಮ್ಲಜನಕ ಬಳಸುವ ಅವರ ಗರಿಷ್ಠ ಸಾಮರ್ಥ್ಯ ಕಾಲು ಭಾಗಕ್ಕೂ ಹೆಚ್ಚು ಕುಸಿಯಿತು. ಮೂವತ್ತು ವರ್ಷದ ನಂತರ ಅದೇ ಐವರನ್ನು ಮತ್ತೆ ಪರೀಕ್ಷಿಸಿದರೆ, ಅಷ್ಟು ವರ್ಷದ ವಯಸ್ಸು ಮಾಡಿದ ಹಾನಿಗಿಂತ ಆ ಮೂರು ವಾರದ ಹಾಸಿಗೆ ಮಾಡಿದ್ದೇ ಹೆಚ್ಚಾಗಿತ್ತು! ಕುರ್ಚಿಯಲ್ಲಿ ಕೂತು ಗಾಳಿಗೆ ಗುದ್ದುತ್ತ ಏದುಸಿರು ಬರಿಸಿಕೊಂಡರೂ ಹೃದಯಕ್ಕೆ ಕೆಲಸವಾಯಿತು. ಈಜುಕೊಳ ಹತ್ತಿರವಿದ್ದರೆ ಇನ್ನೂ ಒಳ್ಳೆಯದು. ಎದೆಮಟ್ಟದ ನೀರಿನಲ್ಲಿ ನಡೆಯುವಾಗ ಕಾಲಿನ ಮೇಲೆ ಬೀಳುವುದು ಮೈತೂಕದ ಮೂರನೇ ಒಂದು ಭಾಗದಷ್ಟೇ. ಕಪ್ಪೆಯ ಹಾಗೆ ಕಾಲು ಝಾಡಿಸಿ ಈಜುವುದನ್ನು ಮಾತ್ರ ಬಿಡಿ, ಅದು ಮಂಡಿಯ ಒಳಮಗ್ಗುಲನ್ನು ಜಗ್ಗುತ್ತದೆ.

ಚೆನ್ನಾಗಿರುವ ಕಾಲನ್ನೂ ದುಡಿಸಿ. ಬಲಗೈಗಷ್ಟೇ ಅಭ್ಯಾಸ ಮಾಡಿಸಿದರೂ ಎಡಗೈಯ ಬಲ ಹೆಚ್ಚುತ್ತದೆಂದು ಯೇಲ್ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಸ್ಕ್ರಿಪ್ಚರ್ 1894ರಲ್ಲೇ ತೋರಿಸಿದ್ದರು. ಬಲದ ಒಂದು ಪಾಲು ಮಾಂಸದಲ್ಲಿಲ್ಲ, ನರಮಂಡಲದಲ್ಲಿದೆ. ಆ ಪಾಲು ಎರಡೂ ಕಡೆಗೆ ಹಂಚಿಕೆಯಾಗುತ್ತದೆ.

ನಮ್ಮವರಿಗೆ ಒಂದು ಹೆಚ್ಚಿನ ಪರೀಕ್ಷೆಯಿದೆ. ನಡೆಯಲು ಮಂಡಿ 60 ಡಿಗ್ರಿಯಷ್ಟು ಮಡಚಿದರೆ ಸಾಕು. ಕುಕ್ಕರಗಾಲಿನಲ್ಲಿ ಕೂರಲು ಅದರ ಎರಡರಷ್ಟಕ್ಕೂ ಹೆಚ್ಚು ಬೇಕು. ವಿದೇಶದಿಂದ ಬಂದ ವ್ಯಾಯಾಮದ ಪಟ್ಟಿಗಳಿಗೆ ಪಂಕ್ತಿ ಊಟವೂ ಗೊತ್ತಿಲ್ಲ, ಹಳೆಯ ಮಾದರಿಯ ಶೌಚಾಲಯವೂ ಗೊತ್ತಿಲ್ಲ. ನೆಲಕ್ಕೆ ಕೂರುವುದು ಯಾವಾಗ ಎಂದು ವೈದ್ಯರನ್ನು ನಾವೇ ಕೇಳಬೇಕು, ಮಂಡಿಯೊಳಗಿನ ಮೆತ್ತೆಗೆ ಹೊಲಿಗೆ ಹಾಕಿದ್ದರಂತೂ ಕೇಳದೆ ಕೂರಬಾರದು.

ಆಟಕ್ಕೆ ಮರಳುವವರ ಲೆಕ್ಕ ಬೇರೆ. ಎಸಿಎಲ್ ಶಸ್ತ್ರಚಿಕಿತ್ಸೆಯಾದ 106 ಮಂದಿಯನ್ನು ಅಮೆರಿಕ ಮತ್ತು ನಾರ್ವೆಯಲ್ಲಿ ಗಮನಿಸಿದ 2016ರ ಅಧ್ಯಯನದಲ್ಲಿ, ಒಂಬತ್ತು ತಿಂಗಳವರೆಗೆ ಒಂದೊಂದು ತಿಂಗಳು ತಡಮಾಡಿದಾಗಲೂ ಮತ್ತೆ ಮಂಡಿ ಗಾಯವಾಗುವ ಪ್ರಮಾಣ ಸುಮಾರು ಅರ್ಧಕ್ಕೆ ಇಳಿದಿತ್ತು. ಕ್ಯಾಲೆಂಡರಿನ ಜೊತೆ ಒಂಟಿಕಾಲಿನ ಜಿಗಿತವನ್ನೂ ನೋಡುತ್ತಾರೆ. ಗಾಯದ ಕಾಲು ಇನ್ನೊಂದರ ಶೇಕಡಾ 90ರಷ್ಟಾದರೂ ದೂರ ಜಿಗಿಯಬೇಕು. ತೊಡಕೆಂದರೆ, ಆ ತಿಂಗಳುಗಳಲ್ಲಿ ಇನ್ನೊಂದು ಕಾಲೂ ಸೋಮಾರಿಯಾಗಿರುತ್ತದೆ, ಅದಕ್ಕೆ ಹೋಲಿಸಿದಾಗ ಗಾಯದ ಕಾಲು ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಆದ್ದರಿಂದ ಶಸ್ತ್ರಚಿಕಿತ್ಸೆಗೆ ಮೊದಲೇ ಒಳ್ಳೆಯ ಕಾಲಿನ ಜಿಗಿತವನ್ನು ಅಳೆದು ಬರೆದಿಟ್ಟುಕೊಂಡು, ಕೊನೆಗೆ ಅದರ ಎದುರೇ ಗಾಯದ ಕಾಲನ್ನು ತೂಗಬೇಕು ಎನ್ನುವ ಸಂಶೋಧಕರಿದ್ದಾರೆ.